ಬಯಲುಸೀಮೆಯ ಪ್ರಯಾಣಿಕರಿಗೆ ಎಷ್ಟು ದೊಡ್ಡ ಹಡಗು?

ಜನರನ್ನು ಒಂದು ಬಂದರಿನಿಂದ ಮತ್ತೊಂದು ಬಂದರಿಗೆ ಮುಟ್ಟಿಸುವುದಕ್ಕಿಂತ ಹಡಗಿನ ಮೇಲಿನ ವಾಸವನ್ನೇ ಪ್ರವಾಸವಾಗಿಸುವ ವಿಹಾರ ನೌಕೆ, ಜನ ಸಾಮಾನ್ಯವಾಗಿ ‘ಕ್ರೂಸ್’ ಎಂದೇ ಕರೆಯುವ ಹಡಗು, ನಮ್ಮ ನಾಡಿನ ಮಧ್ಯಮವರ್ಗದ ಕುಟುಂಬಗಳ ಕೈಗೆಟುಕುವಂತಾದದ್ದು ಈಚಿನ ಹತ್ತು ವರ್ಷಗಳಲ್ಲಿ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಂತಹ, ಕಡಲಿಗೂ ಊರಿಗೂ ನಡುವೆ ಒಂದು ಇಡೀ ಘಟ್ಟಸಾಲು ಅಡ್ಡ ನಿಂತಿರುವ ಊರುಗಳಲ್ಲಿಯೂ ನಿವೃತ್ತ ಶಿಕ್ಷಕರು, ತೋಟದ ಬೆಳೆಗಾರರು, ಮದುವೆಯ ವಾರ್ಷಿಕೋತ್ಸವಕ್ಕೆ ಮಕ್ಕಳು ಟಿಕೆಟು ತೆಗೆಸಿಕೊಟ್ಟ ಹಿರಿಯರು ಈ ಪ್ರವಾಸದ ವಿಚಾರವನ್ನು ಗಂಭೀರವಾಗಿ ಯೋಚಿಸುವ ಕಾಲ ಬಂದಿದೆ. ಜಾಹೀರಾತುಗಳು ಅವರ ಮುಂದಿಡುವ ಮೊದಲ ಆಕರ್ಷಣೆ ಹಡಗಿನ ಗಾತ್ರ: ಎಷ್ಟು ಮಹಡಿ, ಎಷ್ಟು ಈಜುಕೊಳ, ಎಷ್ಟು ಸಾವಿರ ಜನ. ಗಾತ್ರವು ಪ್ರಯಾಣಿಕರ ಅನುಭವವನ್ನು ಬದಲಿಸುತ್ತದೆ ಎಂಬುದು ನಿಜವೇ ಆಗಿದ್ದರೂ, ಅದು ಬದಲಿಸುವ ಬಗೆ ಜಾಹೀರಾತಿನಲ್ಲಿ ಕಾಣುವಂಥದ್ದಲ್ಲ; ದೊಡ್ಡದು ಎಂದರೆ ಉತ್ತಮ ಎಂಬ ಸಮೀಕರಣವಂತೂ ಹಡಗಿನ ವಿಷಯದಲ್ಲಿ ಅನೇಕ ಬಾರಿ ತಲೆಕೆಳಗಾಗುತ್ತದೆ.

ಚಿತ್ರದುರ್ಗ ಜಿಲ್ಲೆಗೆ ಕಡಲಿನ ನಂಟು ಇರಲೇ ಇಲ್ಲ ಎನ್ನುವಂತಿಲ್ಲ. ಇಲ್ಲಿಯ ಬೆಟ್ಟಗಳ ಕಬ್ಬಿಣದ ಅದಿರು ಬಂದರುಗಳ ದಾರಿ ಹಿಡಿದು ಹೊರದೇಶಗಳಿಗೆ ಹೋದದ್ದುಂಟು; ಸೊಲ್ಲಾಪುರದಿಂದ ಹೊರಟು ಚಿತ್ರದುರ್ಗ, ಹೊಳಲ್ಕೆರೆ, ಶಿವಮೊಗ್ಗಗಳನ್ನು ಹಾದು ಘಟ್ಟ ಇಳಿದು ಮಂಗಳೂರು ಸೇರುತ್ತಿದ್ದ ಹಳೆಯ 13ನೆಯ ರಾಷ್ಟ್ರೀಯ ಹೆದ್ದಾರಿ ಈ ಬಯಲನ್ನು ಪಡುವಣ ತೀರಕ್ಕೆ ಜೋಡಿಸಿತ್ತು. ಇಡೀ ದೇಶದ ಹಜ್ ಯಾತ್ರಿಕರಲ್ಲಿ ಅನೇಕರು 1995ರವರೆಗೂ ಮುಂಬಯಿಯಿಂದ ಜೆದ್ದಾಕ್ಕೆ ಹಡಗಿನಲ್ಲಿಯೇ ಹೋಗುತ್ತಿದ್ದರು. ಕರಾವಳಿಯ ಹಿರಿಯರು ಆಗಬೋಟು ಎಂದು ಕರೆಯುತ್ತಿದ್ದ ಉಗಿಹಡಗುಗಳು ಮುಂಬಯಿಗೂ ಕಾರವಾರ, ಕುಮಟಾ, ಹೊನ್ನಾವರ, ಮಂಗಳೂರುಗಳಿಗೂ ನಡುವೆ ಜನರನ್ನು ಸಾಗಿಸುತ್ತಿದ್ದವು, ಮಳೆಗಾಲ ಹಿಡಿಯಿತೆಂದರೆ ಓಡಾಟ ನಿಲ್ಲಿಸುತ್ತಿದ್ದವು. ಅವೆಲ್ಲ ಅಗತ್ಯದ ಪ್ರಯಾಣಗಳು. ವಿಹಾರಕ್ಕೆಂದೇ ಹಡಗು ಹತ್ತುವುದು ಹೊಸದು, ಆದ್ದರಿಂದ ಅದನ್ನು ಅಳೆಯುವ ಮಾನದಂಡವೂ ಈ ಕಡೆಯ ಓದುಗರಿಗೆ ಹೊಸದಾಗಿಯೇ ಬೇಕಾಗುತ್ತದೆ.

ಉದ್ದದ ಅಂದಾಜಿಗೆ ಜಿಲ್ಲೆಯಲ್ಲಿಯೇ ಒಂದು ಒಳ್ಳೆಯ ಅಳತೆಗೋಲಿದೆ. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿ ನದಿಗೆ ಅಡ್ಡಲಾಗಿ 1898ರಿಂದ 1907ರವರೆಗೆ ಕಟ್ಟಲಾದ, 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಕೋಡಿ ಕಾಣಲು 2022ರವರೆಗೆ ಕಾದ ವಾಣಿವಿಲಾಸ ಸಾಗರದ ಕಟ್ಟೆ ಸುಮಾರು 1,330 ಅಡಿ ಉದ್ದವಾಗಿದೆ. ಗಂಗಾನದಿಯಲ್ಲಿ ಸಂಚರಿಸುವ ‘ಗಂಗಾ ವಿಲಾಸ್’ ನೌಕೆಯನ್ನು ಆ ಕಟ್ಟೆಯ ಪಕ್ಕಕ್ಕೆ ತಂದು ನಿಲ್ಲಿಸಿದರೆ ಅದು ಆರನೆಯ ಒಂದು ಭಾಗಕ್ಕೂ ಬಾರದೆ ಸುಮಾರು 200 ಅಡಿಗೆ ಮುಗಿಯುತ್ತದೆ. ಮುಂಬಯಿಯಿಂದ ಹೊರಡುವ ಕಾರ್ಡೇಲಿಯಾ ಸಂಸ್ಥೆಯ ‘ಎಂಪ್ರೆಸ್’ ಕಟ್ಟೆಯ ಅರ್ಧವನ್ನು ಸ್ವಲ್ಪ ದಾಟಿ ಸುಮಾರು 690 ಅಡಿಗೆ ನಿಲ್ಲುತ್ತದೆ. 2023–24ರ ಚಳಿಗಾಲದಲ್ಲಿ ಭಾರತದ ತೀರದಲ್ಲಿ ಪ್ರವಾಸ ನಡೆಸಿದ ‘ಕೋಸ್ಟಾ ಸೆರೆನಾ’ ಸುಮಾರು 950 ಅಡಿ. 2024ರ ಜನವರಿಯಲ್ಲಿ ಅಮೆರಿಕದ ಮಯಾಮಿಯಿಂದ ಮೊದಲ ಯಾನ ಹೊರಟ ‘ಐಕಾನ್ ಆಫ್ ದಿ ಸೀಸ್’ ಸುಮಾರು 1,200 ಅಡಿ ಉದ್ದವಾಗಿದ್ದು ಕಟ್ಟೆಯ ಈ ತುದಿಯಿಂದ ಹೆಚ್ಚುಕಡಿಮೆ ಆ ತುದಿಯವರೆಗೆ ಚಾಚಿಕೊಳ್ಳುತ್ತದೆ. ಉದ್ದವಷ್ಟೇ ಆಗಿದ್ದರೆ ವ್ಯತ್ಯಾಸ ಆರು ಪಟ್ಟು. ಆದರೆ ಗಂಗಾ ವಿಲಾಸ್‌ನಲ್ಲಿ ಇರುವುದು 18 ಕೋಣೆಗಳು, 36 ಪ್ರಯಾಣಿಕರು. ಐಕಾನ್‌ನಲ್ಲಿ ಕೋಣೆಗೆ ಇಬ್ಬರಂತೆ ಲೆಕ್ಕ ಹಾಕಿದರೆ 5,610, ಎಲ್ಲ ಹಾಸಿಗೆಗಳೂ ತುಂಬಿದರೆ ಸುಮಾರು 7,600 ಪ್ರಯಾಣಿಕರು, ಅದರ ಮೇಲೆ 2,350 ಸಿಬ್ಬಂದಿ.

ಹಡಗುಗಳ ಗಾತ್ರವನ್ನು ಆ ಉದ್ಯಮದವರು ಉದ್ದದಿಂದಲ್ಲ, ‘ಗ್ರಾಸ್ ಟನ್ನೇಜ್’ ಎಂಬ ಅಳತೆಯಿಂದ ಹೇಳುತ್ತಾರೆ. ಹೆಸರಿನಲ್ಲಿ ಟನ್ ಇದ್ದರೂ ಇದು ತೂಕವಲ್ಲ. ಹಡಗಿನೊಳಗೆ ಗೋಡೆ, ಮೇಲ್ಛಾವಣಿಗಳಿಂದ ಮುಚ್ಚಿದ ಎಲ್ಲ ಜಾಗಗಳ ಒಟ್ಟು ಘನ ಅಳತೆಯನ್ನು 1969ರ ಅಂತರರಾಷ್ಟ್ರೀಯ ಒಪ್ಪಂದವೊಂದು ಗೊತ್ತುಪಡಿಸಿದ ಸೂತ್ರಕ್ಕೆ ಅಳವಡಿಸಿದಾಗ ಬರುವ ಸಂಖ್ಯೆ. ಎಂಪ್ರೆಸ್‌ನ ಟನ್ನೇಜ್ ಸುಮಾರು 48,500, ಕೋಸ್ಟಾ ಸೆರೆನಾದ್ದು ಸುಮಾರು 1,14,000, ಐಕಾನ್‌ನದು ಸುಮಾರು 2,48,600. ಪ್ರಯಾಣಿಕರಿಗೆ ನಿಜವಾಗಿ ಉಪಯೋಗಕ್ಕೆ ಬರುವುದು ಈ ಸಂಖ್ಯೆಯಲ್ಲ, ಇದನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿದಾಗ ಸಿಗುವ ಸಂಖ್ಯೆ, ಅಂದರೆ ತಲೆಗೆ ಎಷ್ಟು ಜಾಗ ಎಂಬುದು. ಈ ಭಾಗಾಕಾರವನ್ನು ಯಾರು ಬೇಕಾದರೂ ಕಾಗದದ ಮೇಲೆ ಮಾಡಬಹುದು, ಮಾಡಬೇಕು ಕೂಡ, ಏಕೆಂದರೆ ಮೂವತ್ತರ ಸುಮಾರಿಗೆ ಉತ್ತರ ಬಂದ ಹಡಗಿನಲ್ಲಿ ಊಟದ ಸಾಲು, ಲಿಫ್ಟಿನ ಮುಂದಿನ ಗುಂಪು, ಈಜುಕೊಳದ ಸುತ್ತಲಿನ ಕುರ್ಚಿಗಳ ಅಭಾವ ಇವೆಲ್ಲ ಕಣ್ಣಿಗೆ ಬೀಳುತ್ತವೆ. ಐವತ್ತನ್ನು ದಾಟಿದ ಹಡಗಿನಲ್ಲಿ ಜನ ಇದ್ದಾರೆಯೇ ಎಂದು ಹುಡುಕಬೇಕಾಗುತ್ತದೆ.

ಈ ಲೆಕ್ಕ ಹಾಕಿದಾಗ ಸಿಗುವ ಉತ್ತರಗಳು ಜಾಹೀರಾತಿನ ತರ್ಕಕ್ಕೆ ಹೊಂದುವುದಿಲ್ಲ. ಕೋವಿಡ್‌ನಿಂದ ನಿಂತುಹೋಗಿದ್ದ ಹಡಗು ಪ್ರವಾಸ ಪುನರಾರಂಭವಾದ ಮೇಲೆ 2022ರ ನವೆಂಬರಿನಲ್ಲಿ ಪಣಂಬೂರಿನ ನವಮಂಗಳೂರು ಬಂದರಿಗೆ ಬಂದ ಮೊದಲ ವಿಹಾರ ನೌಕೆ ಜರ್ಮನಿಯ ಸಂಸ್ಥೆಯೊಂದರ ‘ಯುರೋಪಾ 2’. ಅದರ ಟನ್ನೇಜ್ ಸುಮಾರು 42,800, ಉದ್ದ ಸುಮಾರು 740 ಅಡಿ. ಹೊರಗಿನಿಂದ ನೋಡಿದವರಿಗೆ ಅದು ಎಂಪ್ರೆಸ್‌ನ ಅಣ್ಣನೋ ತಮ್ಮನೋ ಅನ್ನಿಸುವಷ್ಟು ಸಮೀಪದ ಗಾತ್ರ. ಆದರೆ ಯುರೋಪಾ 2ರಲ್ಲಿ ಗರಿಷ್ಠ 516 ಪ್ರಯಾಣಿಕರಿಗೆ ಮಾತ್ರ ಸ್ಥಳವಿದ್ದು, ತಲೆಗೆ 83ರಷ್ಟು ಜಾಗ ಸಿಗುತ್ತದೆ. ಎಂಪ್ರೆಸ್‌ನ ಸುಮಾರು 800 ಕೋಣೆಗಳಲ್ಲಿ ಇಬ್ಬರಂತೆ ಇಟ್ಟರೂ ಸಿಗುವುದು ಮೂವತ್ತು. ಮಂಗಳೂರಿಗೆ ಬಂದ ದಿನ ಯುರೋಪಾ 2ರಲ್ಲಿ ಪ್ರಯಾಣಿಕರಿಗಿಂತ ಸಿಬ್ಬಂದಿಯೇ ಹೆಚ್ಚಿದ್ದರು. ಇನ್ನು ಜನಸಾಗರವೇ ಸೇರುವ ಐಕಾನ್‌ನಲ್ಲಿ ತಲೆಗೆ 44, ಕೋಸ್ಟಾ ಸೆರೆನಾದಲ್ಲಿ 38. ಹೀಗೆ ಅತಿ ದೊಡ್ಡ ಹಡಗು ಮಧ್ಯಮ ಗಾತ್ರದ ಎಂಪ್ರೆಸ್‌ಗಿಂತ ಒಬ್ಬೊಬ್ಬರಿಗೆ ಹೆಚ್ಚು ಜಾಗ ಕೊಡುತ್ತದೆ, ಮಧ್ಯಮ ಗಾತ್ರದ ಇನ್ನೊಂದು ಹಡಗು ಆ ಎರಡನ್ನೂ ಬಹಳ ಹಿಂದಕ್ಕೆ ಹಾಕುತ್ತದೆ. ಗಾತ್ರಕ್ಕಿಂತ ದರವೇ ಇಲ್ಲಿ ಜಾಗವನ್ನು ನಿರ್ಧರಿಸುತ್ತದೆ. ಭಾರತದ ಕುಟುಂಬಗಳು ಒಂದೇ ಕೋಣೆಯಲ್ಲಿ ಮೂವರೋ ನಾಲ್ವರೋ ಉಳಿಯುವುದು ವಾಡಿಕೆಯಾದ್ದರಿಂದ ಶಾಲಾ ರಜೆಯ ದಿನಗಳಲ್ಲಿ ನಿಜವಾದ ಸಂಖ್ಯೆ ಈ ಲೆಕ್ಕಕ್ಕಿಂತಲೂ ಕೆಳಗಿಳಿಯುತ್ತದೆ ಎಂಬುದನ್ನೂ ಗಮನದಲ್ಲಿಡಬೇಕು.

ನಮ್ಮ ತೀರದಲ್ಲಿ ಬಂದುಹೋದ ಹಡಗುಗಳ ಚರಿತ್ರೆ ಚಿಕ್ಕದಾದರೂ ಗಾತ್ರದ ಪ್ರಶ್ನೆಗೆ ಒಳ್ಳೆಯ ಬೆಳಕು ಚೆಲ್ಲುತ್ತದೆ. ಇಟಲಿಯ ‘ಕೋಸ್ಟಾ ನಿಯೋಕ್ಲಾಸಿಕಾ’ 2016ರ ಡಿಸೆಂಬರಿನಿಂದ ಮುಂಬಯಿಯನ್ನು ನೆಲೆಯಾಗಿಟ್ಟುಕೊಂಡು ಮಂಗಳೂರು, ಕೊಚ್ಚಿಗಳನ್ನು ಮುಟ್ಟಿ ಮಾಲ್ಡೀವ್ಸ್‌ನ ಮಾಲೆಗೆ ಹೋಗುತ್ತಿತ್ತು. 2018ರ ಅಕ್ಟೋಬರಿನಲ್ಲಿ ಮುಂಬಯಿ–ಗೋವಾ ನಡುವೆ ಆರಂಭವಾದ ‘ಆಂಗ್ರಿಯಾ’ ಸುಮಾರು 350 ಪ್ರಯಾಣಿಕರ ಚಿಕ್ಕ ಹಡಗಾಗಿತ್ತು. ಒಂದು ರಾತ್ರಿಯ ಪ್ರಯಾಣ, ಬೆಳಿಗ್ಗೆ ಎದ್ದರೆ ಗೋವಾ. 2019ರಲ್ಲಿ ಬಂದ ಜಲೇಶ್ ಸಂಸ್ಥೆಯ ‘ಕರ್ಣಿಕಾ’ ಸುಮಾರು 70,000 ಟನ್ನೇಜಿನದು. ಕೋವಿಡ್ ಹೊಡೆತಕ್ಕೆ ಸಿಕ್ಕಿ ಅದು 2020ರಲ್ಲಿಯೇ ಗುಜರಾತಿನ ಅಲಂಗ್‌ನ ಹಡಗು ಒಡೆಯುವ ತೀರಕ್ಕೆ ಹೋಯಿತು. 2021ರ ಸೆಪ್ಟೆಂಬರಿನಲ್ಲಿ ಸೇವೆ ಆರಂಭಿಸಿದ ಎಂಪ್ರೆಸ್ ಉಳಿದುಕೊಂಡಿತು. ಅದು 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ ಹಡಗು ಎಂಬ ಸಂಗತಿಯನ್ನು ಪ್ರಯಾಣಿಕರು ತಿಳಿದಿರುವುದು ಒಳ್ಳೆಯದು, ಏಕೆಂದರೆ ಹಡಗಿನ ವಯಸ್ಸು ಗಾತ್ರದಷ್ಟೇ, ಕೆಲವೊಮ್ಮೆ ಗಾತ್ರಕ್ಕಿಂತ ಹೆಚ್ಚಾಗಿ, ಕೋಣೆಯ ಸ್ವರೂಪವನ್ನು ನಿರ್ಣಯಿಸುತ್ತದೆ.

ಕೋಣೆಗಳಲ್ಲಿ ಸಾಮಾನ್ಯವಾಗಿ ನಾಲ್ಕು ದರ್ಜೆ. ಹಡಗಿನ ಒಡಲ ಮಧ್ಯದಲ್ಲಿದ್ದು ಕಿಟಕಿಯೇ ಇಲ್ಲದ ಒಳಕೋಣೆ, ತೆರೆಯಲಾಗದ ಗಾಜಿನ ಕಿಟಕಿಯಿರುವ ಕಡಲ ನೋಟದ ಕೋಣೆ, ಹೊರಗೆ ಕುಳಿತುಕೊಳ್ಳಲು ಬಾಲ್ಕನಿಯಿರುವ ಕೋಣೆ, ಇವೆಲ್ಲಕ್ಕಿಂತ ವಿಶಾಲವಾದ ಸೂಟ್. ಮೂವತ್ತು ವರ್ಷಗಳ ಹಿಂದಿನ ಹಡಗುಗಳಲ್ಲಿ ಬಾಲ್ಕನಿ ಕೋಣೆಗಳು ಕಡಿಮೆ, ಒಳಕೋಣೆಗಳು ಹೆಚ್ಚು. ಈಚಿನ ದೊಡ್ಡ ಹಡಗುಗಳಲ್ಲಿ ಬಾಲ್ಕನಿಯದೇ ದೊಡ್ಡ ಪಾಲು. ಅಂಗಳಕ್ಕೆ ತೆರೆದುಕೊಂಡ ಮನೆಗಳಲ್ಲಿ, ಸಂಜೆ ಜಗಲಿಯ ಮೇಲೆ ಕುಳಿತೇ ದಿನ ಮುಗಿಸುವ ಅಭ್ಯಾಸವಿರುವ ಹಿರಿಯರು ಕಿಟಕಿಯಿಲ್ಲದ ಕೋಣೆಯಲ್ಲಿ ಬೆಳಗಾಯಿತೋ ಇಲ್ಲವೋ ತಿಳಿಯದೆ ಎಚ್ಚರಗೊಳ್ಳುವ ಇಕ್ಕಟ್ಟನ್ನು ಅನುಭವಿಸುತ್ತಾರೆ. ಒಳಕೋಣೆಯ ದರ ಕಡಿಮೆ ಎಂಬುದು ಸರಿ, ಯುವಕರಿಗೆ ಅದು ಸಾಕು, ಆದರೆ ವಯಸ್ಸಾದ ತಂದೆತಾಯಿಗಳಿಗೆ ಮೂರು ರಾತ್ರಿಯ ಒಳಕೋಣೆಗಿಂತ ಎರಡು ರಾತ್ರಿಯ ಕಿಟಕಿ ಕೋಣೆ ಮೇಲು.

ಕಡಲು ಕಾಣದವರ ಮೊದಲ ಭಯ ಹೊಯ್ದಾಟದ್ದು. ಹಡಗು ಮುಖ್ಯವಾಗಿ ಎರಡು ಬಗೆಯಲ್ಲಿ ಹೊಯ್ದಾಡುತ್ತದೆ: ಎಡಕ್ಕೂ ಬಲಕ್ಕೂ ವಾಲುವುದು ಒಂದು, ಮುಂಭಾಗ ಏಳುವಾಗ ಹಿಂಭಾಗ ಇಳಿಯುವುದು ಇನ್ನೊಂದು. ಅಲೆಯ ಎರಡು ಶಿಖರಗಳ ನಡುವಿನ ಅಂತರಕ್ಕಿಂತ ಹಡಗು ಸಾಕಷ್ಟು ಉದ್ದವಾಗಿದ್ದರೆ ಒಂದೇ ಸಮಯಕ್ಕೆ ಹಲವು ಅಲೆಗಳ ಮೇಲೆ ಅದು ಮಲಗಿರುವುದರಿಂದ ಎರಡನೆಯ ಬಗೆಯ ಏಳುಬೀಳು ಬಹಳ ಕಡಿಮೆಯಾಗುತ್ತದೆ. ಚಿಕ್ಕ ಹಡಗಾದರೋ ಪ್ರತಿಯೊಂದು ಅಲೆಯನ್ನೂ ಹತ್ತಿ ಇಳಿಯಬೇಕು. ಪಕ್ಕಕ್ಕೆ ವಾಲುವುದನ್ನು ತಡೆಯಲು ಹಡಗಿನ ಎರಡೂ ಪಾರ್ಶ್ವಗಳಲ್ಲಿ, ನೀರಿನ ಮಟ್ಟದ ಕೆಳಗೆ, ಬೇಕಾದಾಗ ಹೊರಚಾಚುವ ಲೋಹದ ರೆಕ್ಕೆಗಳಿರುತ್ತವೆ. ಇವುಗಳಿಗೆ ಸ್ಟೆಬಿಲೈಸರ್ ಎಂದು ಹೆಸರು. ವಾಕರಿಕೆ ಬರುವುದು ಹೊಟ್ಟೆಯ ದೋಷದಿಂದಲ್ಲ, ಒಳಗಿವಿಯಲ್ಲಿರುವ ಸಮತೋಲನದ ಅಂಗ ‘ಚಲನೆಯಿದೆ’ ಎಂದು ಹೇಳುವಾಗ ಕೋಣೆಯ ಗೋಡೆಯನ್ನು ನೋಡುತ್ತಿರುವ ಕಣ್ಣು ‘ಇಲ್ಲ’ ಎನ್ನುವುದರಿಂದ. ಆದ್ದರಿಂದಲೇ ಬಯಲಿಗೆ ಬಂದು ದಿಗಂತದ ಗೆರೆಯನ್ನು ನೋಡುತ್ತ ನಿಂತವರಿಗೆ ತಲೆಸುತ್ತು ಇಳಿಯುತ್ತದೆ. ಹಡಗಿನ ಉದ್ದದ ನಡುಭಾಗದಲ್ಲಿ, ಕೆಳಗಿನ ಮಹಡಿಗಳಲ್ಲಿ ಹೊಯ್ದಾಟ ಅತ್ಯಂತ ಕಡಿಮೆ, ತುದಿಗಳಲ್ಲಿಯೂ ಮೇಲಿನ ಮಹಡಿಗಳಲ್ಲಿಯೂ ಹೆಚ್ಚು. ಘಟ್ಟದ ತಿರುವುಗಳಲ್ಲಿ ಬಸ್ಸಿನಲ್ಲಿ ವಾಂತಿ ಮಾಡುವ ಅಭ್ಯಾಸವಿರುವವರು ಕೋಣೆ ಗೊತ್ತುಮಾಡುವಾಗ ಕಡಲ ನೋಟಕ್ಕಿಂತ ಮೊದಲು ಈ ಅಂಶವನ್ನು ಕೇಳಿ ತಿಳಿಯಬೇಕು, ವೈದ್ಯರ ಸಲಹೆಯ ಮಾತ್ರೆಯನ್ನು ಹಡಗು ಹೊರಡುವ ಮೊದಲೇ ತೆಗೆದುಕೊಳ್ಳಬೇಕು.

ಕಾಲದ ಆಯ್ಕೆ ಗಾತ್ರದ ಆಯ್ಕೆಗಿಂತ ದೊಡ್ಡದು ಎಂದರೂ ತಪ್ಪಾಗದು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಅರಬ್ಬಿ ಸಮುದ್ರ ಮುಂಗಾರಿನ ಹಿಡಿತದಲ್ಲಿರುತ್ತದೆ, ಆಗ ವಿಹಾರ ನೌಕೆಗಳು ಪಶ್ಚಿಮ ತೀರವನ್ನು ಬಿಟ್ಟು ಬೇರೆ ಕಡೆಗೆ ಹೋಗುತ್ತವೆ. ಮೇ ತಿಂಗಳು ಶಾಲೆಗಳಿಗೆ ರಜೆಯಾದರೂ ಚಂಡಮಾರುತಗಳು ಹುಟ್ಟುವ ತಿಂಗಳು. 2021ರ ಮೇ ತಿಂಗಳಿನ ತೌಕ್ತೆ ಚಂಡಮಾರುತ ಕರ್ನಾಟಕದ ಕರಾವಳಿಯನ್ನೂ ಹೊಡೆದು ಹೋಯಿತು. ಅಡಿಕೆ ಕೊಯ್ಲಿನ ಒತ್ತಡ ತಗ್ಗಿ ಬಿಸಿಲು ಇನ್ನೂ ಬಲಿಯದ ಜನವರಿಯಿಂದ ಮಾರ್ಚ್‌ವರೆಗಿನ ಅವಧಿ ಹೊಳಲ್ಕೆರೆ, ಹೊಸದುರ್ಗದ ತೋಟದವರಿಗೂ ಅನುಕೂಲ, ಕಡಲೂ ಆಗ ಶಾಂತ. ಆ ದಿನಗಳಲ್ಲಿ ಮಧ್ಯಮ ಗಾತ್ರದ ಹಡಗಿನಲ್ಲಿ ಹೊಯ್ದಾಟದ ಪ್ರಶ್ನೆ ಬಹುಪಾಲು ಏಳುವುದೇ ಇಲ್ಲ.

ಗಾತ್ರವು ಪ್ರಯಾಣಿಕರನ್ನು ನಿಜವಾಗಿ ಕಾಡುವ ಸ್ಥಳ ಹತ್ತುವ ಮತ್ತು ಇಳಿಯುವ ಬಾಗಿಲು. ಹಡಗು ಹತ್ತುವ ಕ್ರಮ ವಿಮಾನದ ಕ್ರಮದಂತೆಯೇ: ಚೀಟಿ ಕಟ್ಟಿದ ಸಾಮಾನನ್ನು ಬಂದರಿನಲ್ಲಿ ಒಪ್ಪಿಸಿದರೆ ಅದು ಕೋಣೆಗೆ ಬರುತ್ತದೆ, ಭದ್ರತಾ ತಪಾಸಣೆಯ ನಂತರ ಕೊಡುವ ಒಂದು ಕಾರ್ಡು ಕೋಣೆಯ ಬೀಗದ ಕೈಯೂ ಆಗಿ, ಹಡಗಿನೊಳಗಿನ ಖರ್ಚಿನ ಲೆಕ್ಕದ ಪುಸ್ತಕವೂ ಆಗಿ ಕೆಲಸ ಮಾಡುತ್ತದೆ. ಊಟ ಟಿಕೆಟಿನಲ್ಲಿಯೇ ಸೇರಿದ್ದರೂ ಪಾನೀಯ, ಇಂಟರ್ನೆಟ್, ದಡದ ಮೇಲಿನ ಸುತ್ತಾಟ ಮುಂತಾದವು ಈ ಕಾರ್ಡಿನ ಮೇಲೆ ಏರುತ್ತ ಹೋಗುತ್ತವೆ ಎಂಬುದನ್ನು ಮೊದಲೇ ತಿಳಿದುಕೊಂಡವರು ಕೊನೆಯ ದಿನ ಬೆಚ್ಚುವುದಿಲ್ಲ. 500 ಜನರ ಹಡಗಿನಲ್ಲಿ ಇದೆಲ್ಲ ಬೇಗ ಮುಗಿಯುತ್ತದೆ. 3,000 ಜನರ ಹಡಗಿನಲ್ಲಿ ಸಮಯ ಗೊತ್ತುಪಡಿಸಿ ಗುಂಪುಗುಂಪಾಗಿ ಬಿಡುವುದರಿಂದ ಅರ್ಧ ದಿನ ಹೋಗುವುದೂ ಉಂಟು. ದಡದ ಮೇಲೆ ಕಳೆಯಲು ಇರುವ ಸಮಯವೇ ಬೆಳಗಿನಿಂದ ಸಂಜೆಯವರೆಗಿನದು. ಮಂಗಳೂರಿಗೆ ಬಂದ ವಿದೇಶಿ ಪ್ರವಾಸಿಗರು ಆ ಅವಧಿಯಲ್ಲಿ ಕಾರ್ಕಳದ ಗೊಮ್ಮಟೇಶ್ವರ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿ ಗೋಕರ್ಣನಾಥ ದೇವಸ್ಥಾನ, ಸಂತ ಅಲೋಶಿಯಸ್ ಚಾಪೆಲ್ ಇವುಗಳಲ್ಲಿ ಎರಡು ಮೂರನ್ನು ನೋಡಿ ಮರಳುತ್ತಾರೆ. ಚಿಕ್ಕ ಹಡಗಿನವರಾದರೆ ಕೆಲವೇ ಬಸ್ಸುಗಳಲ್ಲಿ ಹೋಗಿ ಬಸದಿಯ ಕಂಬಗಳ ಕೆತ್ತನೆಯ ಮುಂದೆ ನಿಲ್ಲಬಲ್ಲರು. ದೊಡ್ಡ ಹಡಗಿನ ಜನಸ್ತೋಮ ಅದೇ ಅಂಗಳಕ್ಕೆ ಇಳಿದರೆ ನೋಡುವವರಿಗೂ ನೋಡಿಸಿಕೊಳ್ಳುವ ಊರಿಗೂ ನೆಮ್ಮದಿಯಿಲ್ಲ. ವೆನಿಸ್ ನಗರ ಈ ಒತ್ತಡವನ್ನು ತಾಳಲಾರದಾದಾಗ ಇಟಲಿಯ ಸರ್ಕಾರ 2021ರ ಆಗಸ್ಟಿನಿಂದ 25,000 ಟನ್ನೇಜ್ ಮೀರಿದ ಹಡಗುಗಳನ್ನು ಅಲ್ಲಿಯ ಜುದೆಕ್ಕಾ ಕಾಲುವೆಗೆ ಬಿಡುವುದನ್ನು ನಿಲ್ಲಿಸಿತು. ಆ ಮಿತಿಯನ್ನು ಹಾಕಿದರೆ ನಮ್ಮ ಎಂಪ್ರೆಸ್ ಕೂಡ ಹೊರಗೇ ನಿಲ್ಲಬೇಕಾಗುತ್ತದೆ.

ಇನ್ನೊಂದು ತೊಡಕು ಇದಕ್ಕಿಂತ ಗಂಭೀರವಾದದ್ದು. ಮುಂಬಯಿ, ಗೋವಾದ ಮುರಗಾಂವ್, ಮಂಗಳೂರು, ಕೊಚ್ಚಿಗಳಲ್ಲಿ ಹಡಗು ದಕ್ಕೆಗೆ ತಾಗಿಯೇ ನಿಲ್ಲುವುದರಿಂದ ಪ್ರಯಾಣಿಕರು ಇಳಿಜಾರು ಸೇತುವೆಯ ಮೇಲೆ ನಡೆದು ನೆಲಕ್ಕಿಳಿಯುತ್ತಾರೆ. ಲಕ್ಷದ್ವೀಪದಲ್ಲಿ ಹಾಗಲ್ಲ. ಅಲ್ಲಿಯ ದ್ವೀಪಗಳನ್ನು ಸುತ್ತುವರಿದ ಹವಳದ ದಿಬ್ಬಗಳೂ ಆಳವಿಲ್ಲದ ಒಳನೀರೂ ದೊಡ್ಡ ಹಡಗನ್ನು ಹತ್ತಿರಕ್ಕೆ ಬಿಡುವುದಿಲ್ಲ. ಹಡಗು ಹೊರಗೆ ಲಂಗರು ಹಾಕುತ್ತದೆ, ಪ್ರಯಾಣಿಕರು ಅದರ ಪಕ್ಕದಲ್ಲಿ ಮೇಲೆ ಕೆಳಗೆ ಆಡುತ್ತಿರುವ ಚಿಕ್ಕ ದೋಣಿಗೆ ಕಾಲಿಡಬೇಕು. ದೋಣಿಯವರು ಕೈಹಿಡಿದು ಇಳಿಸುತ್ತಾರೆ, ಆದರೂ ಮೊಣಕಾಲಿನ ಶಸ್ತ್ರಚಿಕಿತ್ಸೆ ಆದವರಿಗೆ, ಗಾಲಿಕುರ್ಚಿ ಬೇಕಾದವರಿಗೆ ಇದು ಸುಲಭದ ಹೆಜ್ಜೆಯಲ್ಲ. ಕಡಲು ಸ್ವಲ್ಪ ಏರಿದರೆ ಇಳಿಸುವುದನ್ನೇ ರದ್ದುಮಾಡುವ ಹಕ್ಕು ಕಪ್ತಾನನಿಗಿದೆ, ಲಕ್ಷದ್ವೀಪಕ್ಕೆಂದು ಹೊರಟವರು ದ್ವೀಪವನ್ನು ದೂರದಿಂದ ನೋಡಿ ಮರಳುವ ಸಾಧ್ಯತೆಯೂ ಇದೆ. ಟಿಕೆಟು ಕೊಡುವವರು ಈ ಮಾತನ್ನು ತಾವಾಗಿಯೇ ಹೇಳದಿದ್ದರೆ ಕೇಳಿ ಬಾಯಿ ಬಿಡಿಸುವುದು ಪ್ರಯಾಣಿಕರ ಕರ್ತವ್ಯ.

ಚಿಕ್ಕ ಹಡಗುಗಳಲ್ಲಿಯೂ ಎರಡು ಲೋಕಗಳಿವೆ. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹೋಗುವ ‘ಎಂ.ವಿ. ಕವರತ್ತಿ’ 700 ಪ್ರಯಾಣಿಕರ ಹಡಗು, ‘ಕೋರಲ್ಸ್’, ‘ಲಗೂನ್ಸ್’ ತಲಾ 400 ಪ್ರಯಾಣಿಕರವು. ಇವು ಮೂಲತಃ ದ್ವೀಪವಾಸಿಗಳ ಬಸ್ಸುಗಳು, ಅವರ ಆಸ್ಪತ್ರೆ, ಕಾಲೇಜು, ಸಂತೆಗಳ ದಾರಿ. ‘ಸಮುದ್ರಂ’ ಎಂಬ ಸರ್ಕಾರಿ ಪ್ರವಾಸ ಯೋಜನೆಯಲ್ಲಿ ಹೋದವರು ರಾತ್ರಿ ಹಡಗಿನಲ್ಲಿ ಮಲಗಿ ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್‌ಗಳನ್ನು ನೋಡುತ್ತಾರೆ. ವಿಹಾರ ನೌಕೆಯ ವೈಭವದ ನಿರೀಕ್ಷೆಯಿಟ್ಟುಕೊಂಡು ಹೋದವರಿಗೆ ಇಲ್ಲಿ ನಿರಾಸೆಯಾಗುತ್ತದೆ. ಕಡಲನ್ನೂ ಅದರ ಮೇಲೆ ಬದುಕುವ ಜನರನ್ನೂ ನೋಡಬೇಕೆನ್ನುವವರಿಗೆ ಇದಕ್ಕಿಂತ ಪ್ರಾಮಾಣಿಕವಾದ ಹಡಗು ಭಾರತದಲ್ಲಿ ಇನ್ನೊಂದಿಲ್ಲ. ಗಂಗಾ ವಿಲಾಸ್ ಇದಕ್ಕೆ ತದ್ವಿರುದ್ಧ. 2023ರ ಜನವರಿ 13ರಂದು ವಾರಾಣಸಿಯಿಂದ ಹೊರಟು ಬಾಂಗ್ಲಾದೇಶದ ಮೂಲಕ ಅಸ್ಸಾಮಿನ ದಿಬ್ರೂಗಢದವರೆಗೆ ಸುಮಾರು 3,200 ಕಿಲೋಮೀಟರ್ ಸಾಗಿದ ಆ ನೌಕೆಗೆ ತೇಲಲು ಬೇಕಾದ ನೀರಿನ ಆಳ ಒಂದೂವರೆ ಮೀಟರಿಗಿಂತ ಕಡಿಮೆ; ಆದ್ದರಿಂದಲೇ ಸಾಗರದ ಹಡಗು ಕನಸಿನಲ್ಲಿಯೂ ಮುಟ್ಟಲಾಗದ ಹಳ್ಳಿಗಳ ದಡಕ್ಕೆ ಅದು ಹೋಗಬಲ್ಲದು. ಅಲ್ಲಿ ಅಲೆಯ ಹೊಯ್ದಾಟವಿಲ್ಲ, ಮೂವತ್ತಾರು ಜನರಲ್ಲಿ ಎರಡನೆಯ ದಿನಕ್ಕೆ ಎಲ್ಲರಿಗೂ ಎಲ್ಲರ ಪರಿಚಯ. ದರವಂತೂ ಸಾಮಾನ್ಯ ಕುಟುಂಬದ ಅಳವಿನದಲ್ಲ.

ಅತಿ ದೊಡ್ಡ ಹಡಗುಗಳನ್ನು ಈ ಭಾಗದ ಜನ ಕಾಣುವುದು ಹೆಚ್ಚಾಗಿ ಅಮೆರಿಕದಲ್ಲಿ ನೆಲೆಸಿದ ಮಕ್ಕಳ ಮೂಲಕ. ಮಗ ಅಥವಾ ಮಗಳ ಮನೆಗೆಂದು ಹೋದ ತಂದೆತಾಯಿಗಳನ್ನು ಫ್ಲಾರಿಡಾದ ಬಂದರಿನಿಂದ ವಾರದ ಯಾನಕ್ಕೆ ಕರೆದೊಯ್ಯುವುದು ಅಲ್ಲಿಯ ಕನ್ನಡ ಕುಟುಂಬಗಳಲ್ಲಿಯೂ ರೂಢಿಗೆ ಬಂದಿದೆ. ಇಪ್ಪತ್ತು ಮಹಡಿಗಳು, ಏಳು ಈಜುಕೊಳಗಳು, ಆರು ನೀರಿನ ಜಾರುಬಂಡೆಗಳಿರುವ ಐಕಾನ್‌ನಂಥ ಹಡಗಿನಲ್ಲಿ ಬಂದರುಗಳು ಗೌಣ, ಹಡಗೇ ಊರು; ಮೊಮ್ಮಕ್ಕಳಿಗೆ ಅದು ಸ್ವರ್ಗ ಎಂಬುದರಲ್ಲಿ ಅನುಮಾನವಿಲ್ಲ. ಹಿರಿಯರಿಗೆ ಎದುರಾಗುವುದು ನಡಿಗೆ. ಹೆಚ್ಚುಕಡಿಮೆ ವಾಣಿವಿಲಾಸದ ಕಟ್ಟೆಯಷ್ಟು ಉದ್ದದ ಮೊಗಸಾಲೆಯ ಒಂದು ತುದಿಯಲ್ಲಿ ಕೋಣೆಯೂ ಇನ್ನೊಂದು ತುದಿಯಲ್ಲಿ ಊಟದ ಮನೆಯೂ ಇದ್ದರೆ ದಿನಕ್ಕೆ ಮೂರು ಹೊತ್ತಿನ ಊಟಕ್ಕೆಂದೇ ಒಂದೆರಡು ಕಿಲೋಮೀಟರ್ ನಡೆದಂತಾಗುತ್ತದೆ. ಆದ್ದರಿಂದ ಲಿಫ್ಟಿಗೆ ಹತ್ತಿರದ ಕೋಣೆಯನ್ನು ಕೇಳಿ ಪಡೆಯಬೇಕು. ಹಡಗು ಬಹಾಮಾಸ್ ಅಥವಾ ಮೆಕ್ಸಿಕೋ ಮುಟ್ಟಿ ಅಮೆರಿಕಕ್ಕೆ ಮರಳುವುದು ಹೊಸ ಪ್ರವೇಶವೆಂದೇ ಗಣನೆಯಾಗುವುದರಿಂದ ಮರುಪ್ರವೇಶಕ್ಕೆ ಅವಕಾಶವಿರುವ ವೀಸಾ ಇದೆಯೇ ಎಂದು ನೋಡಿಕೊಳ್ಳದೆ ಟಿಕೆಟು ತೆಗೆಸಬಾರದು.

ಊಟದ ವಿಷಯದಲ್ಲಿ ದೊಡ್ಡ ಹಡಗು ಗೆಲ್ಲುತ್ತದೆ. ಸಾವಿರಾರು ಜನರ ಅಡುಗೆಮನೆಗೆ ಸಸ್ಯಾಹಾರ ಒಂದು ವಿಶೇಷ ಬೇಡಿಕೆಯೇ ಅಲ್ಲ. ಭಾರತದಿಂದ ಹೊರಡುವ ಹಡಗುಗಳಲ್ಲಿ ಜೈನ ಊಟವೂ ದೊರೆಯುತ್ತದೆ. ಕೆಲವೇ ನೂರು ಯುರೋಪಿಯನ್ನರಿಗೆಂದು ಅಡುಗೆ ಮಾಡುವ ಚಿಕ್ಕ ವಿದೇಶಿ ಹಡಗಿನಲ್ಲಿ ಮಾತ್ರ ಮೊಟ್ಟೆಯನ್ನೂ ಮುಟ್ಟದ ಕುಟುಂಬಗಳು ಮುಂಚಿತವಾಗಿಯೇ ಬರೆದು ತಿಳಿಸಬೇಕು. ಆರೋಗ್ಯದ ಲೆಕ್ಕ ಇದಕ್ಕೆ ವಿರುದ್ಧವಾದದ್ದು. 2020ರ ಫೆಬ್ರುವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ತಡೆಹಿಡಿಯಲಾದ ‘ಡೈಮಂಡ್ ಪ್ರಿನ್ಸೆಸ್’ ಹಡಗಿನ 3,711 ಜನರಲ್ಲಿ 712 ಜನರಿಗೆ ಕೊರೊನಾ ಸೋಂಕು ತಗುಲಿತು. ಒಂದೇ ಗಾಳಿ, ಒಂದೇ ಊಟದ ಸಾಲು, ಒಂದೇ ಮೆಟ್ಟಿಲ ಕಂಬಿ ಹಂಚಿಕೊಳ್ಳುವ ಜನ ಹೆಚ್ಚಾದಷ್ಟೂ ವಾಂತಿಭೇದಿಯಂತಹ ರೋಗಗಳು ಹರಡುವ ದಾರಿಗಳೂ ಹೆಚ್ಚುತ್ತವೆ. ಹಡಗಿನಲ್ಲಿ ವೈದ್ಯರಿರುತ್ತಾರೆ, ಆದರೆ ದೊಡ್ಡ ಚಿಕಿತ್ಸೆ ದಡದಲ್ಲಿಯೇ ಆಗಬೇಕು, ಆ ವೆಚ್ಚಕ್ಕೆ ವಿಮೆ ಬೇಕು.

ಇಷ್ಟೆಲ್ಲ ನೋಡಿದ ಮೇಲೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಿಂದ ಮೊದಲ ಬಾರಿಗೆ ಹೊರಡುವ ಕುಟುಂಬಕ್ಕೆ ಹೇಳಬಹುದಾದದ್ದು ಹೀಗೆ: ಎರಡು ರಾತ್ರಿಯ, ಮಧ್ಯಮ ಗಾತ್ರದ, ದಕ್ಕೆಗೆ ತಾಗಿ ನಿಲ್ಲುವ ಹಡಗೇ ಸೂಕ್ತ. ಹಿರಿಯೂರಿನಿಂದ 48ನೆಯ ರಾಷ್ಟ್ರೀಯ ಹೆದ್ದಾರಿ ನೇರವಾಗಿ ಮುಂಬಯಿ ಕಡೆಗೆ ಹೋಗುತ್ತದೆ, ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್ ಮತ್ತು ಹೊಸದುರ್ಗ ರೋಡ್ ನಿಲ್ದಾಣಗಳು ಬೆಂಗಳೂರು–ಹುಬ್ಬಳ್ಳಿ ರೈಲುಮಾರ್ಗದಲ್ಲಿರುವುದರಿಂದ ಗೋವಾದ ದಾರಿಯೂ ಕಷ್ಟವಲ್ಲ. ಹಡಗು ಯಾರಿಗೂ ಕಾಯುವುದಿಲ್ಲವಾದ್ದರಿಂದ ಒಂದು ದಿನ ಮೊದಲೇ ಬಂದರಿನ ಊರು ಸೇರಿರುವುದು ಜಾಣತನ.

ಗಾತ್ರ ಎಷ್ಟೇ ಇರಲಿ, ಎಲ್ಲ ಹಡಗುಗಳಲ್ಲಿಯೂ ಸಮಾನವಾಗಿರುವ, ಇರಲೇಬೇಕಾದ ಒಂದು ಗಳಿಗೆಯೆಂದರೆ ಸುರಕ್ಷಾ ಕವಾಯತು. ತೇಲುಜಾಕೀಟು ಎಲ್ಲಿದೆ, ಅಪಾಯದ ಶಿಳ್ಳೆ ಕೇಳಿದಾಗ ಯಾವ ಜಾಗದಲ್ಲಿ ಸೇರಬೇಕು, ಯಾವ ಪ್ರಾಣರಕ್ಷಕ ದೋಣಿ ತಮ್ಮದು ಎಂಬುದನ್ನು ಪ್ರಯಾಣಿಕರಿಗೆ ತೋರಿಸಿಕೊಡುವ ಕ್ರಮ ಇದು. ಟೈಟಾನಿಕ್ ದುರಂತದ ನಂತರ 1914ರಲ್ಲಿ ರೂಪುಗೊಂಡ, ಸಮುದ್ರದ ಮೇಲೆ ಜೀವರಕ್ಷಣೆಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಒಪ್ಪಂದ ಇಂದಿನ ಹಡಗುಗಳ ಸುರಕ್ಷಾ ನಿಯಮಗಳ ಮೂಲ. 2012ರ ಜನವರಿ 13ರ ರಾತ್ರಿ ಇಟಲಿಯ ತೀರದಲ್ಲಿ ಬಂಡೆಗೆ ತಾಗಿ ಮಗುಚಿದ, ಕೋಸ್ಟಾ ಸೆರೆನಾದ ಸಹೋದರಿ ಹಡಗಾದ ‘ಕೋಸ್ಟಾ ಕಾಂಕಾರ್ಡಿಯಾ’ದಲ್ಲಿ ಅಂದು ಹತ್ತಿದ ಅನೇಕರಿಗೆ ಈ ಕವಾಯತು ಇನ್ನೂ ಆಗಿರಲಿಲ್ಲ, 32 ಜನ ಸತ್ತರು. ಅದಾದ ಮೇಲೆ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಕವಾಯತು ನಡೆಸುವುದು ಕಡ್ಡಾಯವಾಯಿತು. ಭಾರತದ ಹಡಗುಗಳಲ್ಲಿ ಈ ಸೂಚನೆಗಳು ಸಾಮಾನ್ಯವಾಗಿ ಕೇಳಿಬರುವುದು ಇಂಗ್ಲಿಷ್, ಹಿಂದಿಗಳಲ್ಲಿ. ಆ ಎರಡೂ ಭಾಷೆ ಬಾರದ ಹೊಸದುರ್ಗದ ಅಜ್ಜಿಯೊಬ್ಬರು ಏನೂ ಅರ್ಥವಾಗದೆ ನಿಂತು ಕೋಣೆಗೆ ಮರಳಿದರೆ ಕವಾಯತು ನಡೆದೂ ನಡೆಯದಂತೆಯೇ. ಜೊತೆಯಲ್ಲಿರುವ ಮಕ್ಕಳು ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಿ, ಕೋಣೆಯಿಂದ ಸೇರುವ ಜಾಗದವರೆಗೆ ಹಿರಿಯರನ್ನು ಒಮ್ಮೆ ನಡೆಸಿಕೊಂಡು ಹೋಗಿ ಬರಲಿ. ಬಹುಪಾಲು ವಿದೇಶಿ ಪ್ರವಾಸಿಗರನ್ನು ಬೆಳಿಗ್ಗೆ ಇಳಿಸಿ ಸಂಜೆ ಕರೆದೊಯ್ಯುವ ಹಡಗುಗಳನ್ನು ಯಕ್ಷಗಾನ, ಚೆಂಡೆಗಳೊಂದಿಗೆ ಸ್ವಾಗತಿಸುತ್ತಿರುವ ನವಮಂಗಳೂರು ಬಂದರಿನಿಂದ ನಾಡಿನ ಜನ ತಾವೇ ಹತ್ತಿ ಹೊರಡುವ ನಿಯಮಿತ ಯಾನ ಬರಬೇಕು, ಅದರಲ್ಲಿ ಸುರಕ್ಷೆಯ ಪ್ರತಿಯೊಂದು ಸೂಚನೆಯೂ ಕನ್ನಡದಲ್ಲಿ ಇರಬೇಕು ಎಂದು ಹಡಗು ನಡೆಸುವವರನ್ನೂ ಸರ್ಕಾರವನ್ನೂ ಒತ್ತಾಯಿಸುವುದು ಕನ್ನಡ ಪ್ರಯಾಣಿಕರ ಹಕ್ಕು.